ದಾಕ್ಷಿಣ್ಯಕ್ಕೆ ಸಿಲುಕಿಸದ ಸೌಜನ್ಯ: ಬ್ರಿಟನ್ನಿಗೆ ಹೊರಟವರಿಗೆ ಅಲ್ಲಿನ ರೀತಿನೀತಿ, ಶಕುನಗಳ ಪರಿಚಯ

ಮಗಳ ಬಾಣಂತನಕ್ಕೆ, ಮಗನ ಘಟಿಕೋತ್ಸವಕ್ಕೆ, ಒಂದು ವರ್ಷದ ಸ್ನಾತಕೋತ್ತರ ಓದಿಗೆ ಎಂದು ಕರ್ನಾಟಕದ ಎಷ್ಟೋ ಕುಟುಂಬಗಳಿಂದ ಈಗ ಜನ ಬ್ರಿಟನ್ನಿಗೆ ಹೊರಡುತ್ತಾರೆ. ಹೊರಡುವ ಮುನ್ನ ವೀಸಾ ಕಾಗದಪತ್ರ, ಉಣ್ಣೆಯ ಬಟ್ಟೆ, ಚಟ್ನಿಪುಡಿ, ಸಾರಿನಪುಡಿಗಳ ಸಿದ್ಧತೆ ಚೆನ್ನಾಗಿಯೇ ನಡೆಯುತ್ತದೆ. ಇಂಗ್ಲಿಷ್ ಬಲ್ಲವರಿಗೆ ಭಾಷೆಯ ತೊಂದರೆಯೂ ಇರುವುದಿಲ್ಲ. ಆದರೂ ಮೊದಲ ವಾರದಲ್ಲೇ ಮನೆಗೆ ಫೋನು ಮಾಡಿ, 'ನಗುನಗುತ್ತ ಮಾತನಾಡುತ್ತಾರೆ, ಆದರೆ ಒಳಗೆ ಬನ್ನಿ ಎನ್ನುವುದಿಲ್ಲ' ಎಂದೋ, 'ಒಂದು ಸಲ ಬೇಡ ಎಂದೆ, ತಟ್ಟೆ ಎತ್ತಿಕೊಂಡು ಹೋಗಿಯೇಬಿಟ್ಟರು' ಎಂದೋ ಬೇಸರ ಹೇಳಿಕೊಳ್ಳುವವರಿದ್ದಾರೆ. ನಮ್ಮವರ ನಡವಳಿಕೆಯ ಬಗ್ಗೆ ಬ್ರಿಟಿಷರಿಗೂ ಇಂಥದೇ ಗೊಂದಲಗಳಾಗುತ್ತವೆ. ಎರಡೂ ಕಡೆಯವರು ಮರ್ಯಾದಸ್ಥರೇ ಆಗಿದ್ದರೂ ಮರ್ಯಾದೆಯ ಎಣಿಕೆ ಬೇರೆ ಬೇರೆಯಾಗಿರುವುದು ಇದಕ್ಕೆ ಕಾರಣ. ಆ ಎಣಿಕೆ ಗೊತ್ತಾದರೆ ಅಲ್ಲಿನ ಹತ್ತಾರು ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಇಂಗ್ಲೆಂಡ್, ಬ್ರಿಟನ್, ಯುಕೆ

ನಾವು ವಾಡಿಕೆಯಲ್ಲಿ ಇಡೀ ದೇಶವನ್ನು ಇಂಗ್ಲೆಂಡ್ ಎಂದುಬಿಡುತ್ತೇವೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಈ ಮೂರೂ ಇರುವ ದೊಡ್ಡ ದ್ವೀಪ ಗ್ರೇಟ್ ಬ್ರಿಟನ್; ಅದರೊಂದಿಗೆ ಉತ್ತರ ಐರ್ಲೆಂಡ್ ಸೇರಿದರೆ ಯುನೈಟೆಡ್ ಕಿಂಗ್‌ಡಮ್, ಅಂದರೆ ಯುಕೆ ಎಂಬ ರಾಷ್ಟ್ರ. ಸ್ಕಾಟ್ಲೆಂಡ್ 1707ರವರೆಗೆ ತನ್ನದೇ ಸಂಸತ್ತು ಇದ್ದ ಬೇರೆ ರಾಜ್ಯವಾಗಿತ್ತು; ಇಂದಿಗೂ ಅದರ ಕಾನೂನು, ಶಿಕ್ಷಣ ಪದ್ಧತಿಗಳು ಬೇರೆಯೇ. ವೇಲ್ಸ್‌ನಲ್ಲಿ ರಸ್ತೆಯ ಫಲಕಗಳ ಮೇಲೆ ಇಂಗ್ಲಿಷಿನ ಜೊತೆ ವೆಲ್ಷ್ ಭಾಷೆಯೂ ಇರುತ್ತದೆ. ಗ್ಲಾಸ್ಗೊ ಅಥವಾ ಕಾರ್ಡಿಫ್ ನಗರದ ಒಬ್ಬರನ್ನು 'ನೀವು ಇಂಗ್ಲಿಷರು' ಎಂದರೆ, ಉತ್ತರ ಭಾರತದಲ್ಲಿ ಕನ್ನಡಿಗರನ್ನು 'ಮದ್ರಾಸಿ' ಎಂದಾಗ ಆಗುವಂಥದೇ ಕಸಿವಿಸಿ ಅವರಿಗೂ ಆಗುತ್ತದೆ. ಉತ್ತರ ಐರ್ಲೆಂಡಿನಲ್ಲಿ ತಮ್ಮನ್ನು ಬ್ರಿಟಿಷರೆನ್ನುವವರೂ ಇದ್ದಾರೆ, ಐರಿಷರೆನ್ನುವವರೂ ಇದ್ದಾರೆ. ಅಲ್ಲಿ ಅವರಾಗಿಯೇ ಹೇಳುವವರೆಗೆ ಕಾಯುವುದು ಲೇಸು.

ಬುಡದಲ್ಲಿರುವ ಎಣಿಕೆ

ಕನ್ನಡದಲ್ಲಿ ದಾಕ್ಷಿಣ್ಯ ಎಂಬ ಒಳ್ಳೆಯ ಮಾತಿದೆ. ಒಲ್ಲೆ ಎನ್ನಲು ಮನಸ್ಸಿದ್ದರೂ ಎದುರಿನವರು ನೊಂದುಕೊಂಡಾರೆಂದು ಒಪ್ಪಿಕೊಳ್ಳುವ ಇಕ್ಕಟ್ಟು ಅದು. ನಮ್ಮ ಉಪಚಾರದಲ್ಲಿ ದಾಕ್ಷಿಣ್ಯಕ್ಕೆ ಜಾಗವಿದೆ: ಅತಿಥಿ ಮೊದಲ ಸಲ ಬೇಡ ಎನ್ನುವುದು ಸಂಕೋಚದಿಂದ, ಅದನ್ನು ಮೀರಿ ಇನ್ನೊಂದು ಸೌಟು ಬಡಿಸುವುದು ಮನೆಯವರ ಪ್ರೀತಿ. ಬ್ರಿಟಿಷ್ ಸೌಜನ್ಯ ಇದಕ್ಕೆ ತದ್ವಿರುದ್ಧವಾಗಿ, ಎದುರಿನವರನ್ನು ದಾಕ್ಷಿಣ್ಯಕ್ಕೆ ಸಿಲುಕಿಸಲೇಬಾರದು ಎಂಬ ಎಣಿಕೆಯ ಮೇಲೆ ನಿಂತಿದೆ. ಇನ್ನೊಬ್ಬರ ಸಮಯ, ಸರದಿ, ಏಕಾಂತ, ಇಷ್ಟಾನಿಷ್ಟಗಳು ಅವರವರ ಸ್ವತ್ತು. ಅವನ್ನು ಮುಟ್ಟುವ ಮುನ್ನ ಕೇಳಬೇಕು. ಕೇಳುವಾಗಲೂ 'ಇಲ್ಲ' ಎನ್ನಲು ಅವರಿಗೆ ದಾರಿ ಬಿಟ್ಟಿರಬೇಕು. ನಾವು ಹತ್ತಿರ ಎಳೆದುಕೊಂಡು ಆದರ ತೋರಿಸುತ್ತೇವೆ, ಅವರು ಸ್ವಲ್ಪ ಅಂತರ ಬಿಟ್ಟು ಆದರ ತೋರಿಸುತ್ತಾರೆ. ಮುಂದೆ ಹೇಳುವ ಸರತಿ ಸಾಲು, ಮಾತಿನ ಸುತ್ತುಬಳಸು, ಊಟದ ಮೇಜು ಎಲ್ಲವೂ ಈ ಬೇರಿನಿಂದಲೇ ಚಿಗುರಿದವು.

ಸರತಿ ಸಾಲು

ಬ್ರಿಟನ್ನಿನಲ್ಲಿ ಸರತಿ ಸಾಲನ್ನು ಕ್ಯೂ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಆಹಾರ ಪಡಿತರ ಆರಂಭವಾಗಿ, ಯುದ್ಧ ಮುಗಿದ ಮೇಲೂ 1954ರವರೆಗೆ ಮುಂದುವರಿಯಿತು. ಬೆಣ್ಣೆಗೂ ಮಾಂಸಕ್ಕೂ ಅಂಗಡಿಯ ಮುಂದೆ ನಿಲ್ಲುತ್ತಲೇ ಒಂದು ತಲೆಮಾರು ಬೆಳೆಯಿತು. ಸಾಲಿನಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ, ಮೊದಲು ಬಂದವರಿಗೆ ಮೊದಲು ಎಂಬ ನೀತಿ ಆಗ ಗಟ್ಟಿಯಾಯಿತು. 2022ರ ಸೆಪ್ಟೆಂಬರಿನಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಾರ್ಥಿವ ಶರೀರದ ದರ್ಶನಕ್ಕೆ ಥೇಮ್ಸ್ ನದಿಯ ದಂಡೆಯುದ್ದಕ್ಕೂ ಮೈಲಿಗಟ್ಟಲೆ ಸಾಲು ಬೆಳೆದು, ಸುಮಾರು ಎರಡೂವರೆ ಲಕ್ಷ ಜನ ಅದರಲ್ಲಿ ಸಾಗಿಹೋದರು. ಫುಟ್‌ಬಾಲ್ ತಾರೆ ಡೇವಿಡ್ ಬೆಕಮ್ ಕೂಡ 12 ಗಂಟೆಗೂ ಹೆಚ್ಚು ಹೊತ್ತು ಉಳಿದವರ ಹಾಗೆಯೇ ನಿಂತಿದ್ದರು.

ಸಾಲು ಎಲ್ಲಿ ಕೊನೆಯಾಗುತ್ತದೆ ಎಂದು ತಿಳಿಯದಿದ್ದರೆ 'ನೀವು ಸಾಲಿನಲ್ಲಿದ್ದೀರಾ?' ಎಂದು ಕೇಳಬೇಕು. ಮುಂದಿನವರಿಗೂ ನಮಗೂ ಒಂದು ತೋಳಿನಷ್ಟು ಅಂತರವಿರಲಿ. ಒಬ್ಬರು ನಿಂತು ಆಮೇಲೆ ಮನೆಯವರೆಲ್ಲ ಬಂದು ಸೇರಿಕೊಳ್ಳುವುದನ್ನು ಅಲ್ಲಿ ನುಗ್ಗುವಿಕೆ ಎಂದೇ ಎಣಿಸುತ್ತಾರೆ. ಹಾಗೆ ಮಾಡಿದರೆ ಯಾರೂ ಜಗಳವಾಡಲಿಕ್ಕಿಲ್ಲ; ಹಿಂದಿನಿಂದ ನಾಲಿಗೆಯಲ್ಲಿ 'ತ್ಚ್' ಎನ್ನುವ ಸಣ್ಣ ಸದ್ದೊಂದು ಕೇಳಬಹುದು. ಅವರ ಲೆಕ್ಕದಲ್ಲಿ ಅದು ದೊಡ್ಡ ಆಕ್ಷೇಪಣೆ.

ಮಾತಿನ ಹಿಂದಿನ ಮಾತು

ಕನ್ನಡಿಗರು ಅರಿಯದೆ ಒರಟಾಗಿ ಕಾಣುವುದಕ್ಕೆ ನಮ್ಮ ವ್ಯಾಕರಣವೇ ಒಂದು ಕಾರಣ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲಿರುತ್ತದೆ. 'ನೀರು ಕೊಡಿ' ಎಂದರೆ ಸಾಕು, ಗೌರವ ಅದರೊಳಗೇ ಬಂತು. ದಯವಿಟ್ಟು ಎಂಬ ಮಾತು ಆಮಂತ್ರಣ ಪತ್ರಿಕೆಗೆ, ಸೂಚನಾ ಫಲಕಕ್ಕೆ ಮೀಸಲು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ, ಕೊಡು, ಕೊಡಿ ಎಂಬ ಭೇದವೂ ಇಲ್ಲ. ಆದ್ದರಿಂದ ಆ ಗೌರವದ ಭಾರವನ್ನೆಲ್ಲ 'ಪ್ಲೀಸ್', 'ಥ್ಯಾಂಕ್ ಯು' ಎಂಬ ಬಿಡಿಪದಗಳೇ ಹೊರಬೇಕು. ನಾವು 'ಗಿವ್ ಮಿ ವಾಟರ್' ಎಂದಾಗ ನಮ್ಮ ಮನಸ್ಸಿನಲ್ಲಿರುವುದು 'ಕೊಡಿ', ಅವರ ಕಿವಿಗೆ ಬೀಳುವುದು 'ಕೊಡು'. ಬಸ್ಸಿನಿಂದ ಇಳಿಯುವಾಗ ಚಾಲಕರಿಗೆ, ಬಾಗಿಲು ಹಿಡಿದು ನಿಂತ ಅಪರಿಚಿತರಿಗೆ, ಚಿಲ್ಲರೆ ಕೊಟ್ಟ ಅಂಗಡಿಯವರಿಗೆ ಥ್ಯಾಂಕ್ ಯು ಹೇಳುವುದು ನಮಗೆ ಹೆಚ್ಚೆನಿಸಿದರೂ ಅವರಿಗೆ ಸಹಜ.

'ಸಾರಿ' ಇನ್ನೂ ವಿಚಿತ್ರವಾಗಿ ಕಾಣಬಹುದು. ನೀವು ಅವರ ಕಾಲು ತುಳಿದರೂ ಸಾರಿ ಎನ್ನುವವರು ಅವರೇ! ಇಲ್ಲಿ ಸಾರಿ ಎಂಬುದು ತಪ್ಪೊಪ್ಪಿಗೆಯಲ್ಲ, ಇಬ್ಬರ ನಡುವೆ ಮುಜುಗರ ಬೆಳೆಯದಂತೆ ತಡೆಯುವ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಪರಿಹಾರ ಕಾಯ್ದೆಯೂ ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತಾಗುವುದಿಲ್ಲ ಎನ್ನುತ್ತದೆ.

'ಆಲ್ ರೈಟ್?' ಎಂದು ಕೇಳಿ ನಿಲ್ಲದೆ ಹೋಗುವ ನೆರೆಯವರ ಬಗ್ಗೆಯೂ ಬೇಸರ ಬೇಡ. ನಮ್ಮ ಊರುಗಳಲ್ಲಿ ದಾರಿಯಲ್ಲಿ ಸಿಕ್ಕವರು 'ಊಟ ಆಯ್ತಾ?', 'ಎಲ್ಲಿಗೋ ಹೊರಟ ಹಾಗಿದೆ?' ಎಂದು ಕೇಳುವ ಹಾಗೆ ಅದು ಬರೀ ನಮಸ್ಕಾರ, ಮಂಡಿನೋವಿನ ವಿವರವನ್ನು ಅದು ಬಯಸುವುದಿಲ್ಲ. ಆದರೆ ನಮ್ಮ ಈ ಎರಡು ಪ್ರಶ್ನೆಗಳನ್ನು ಇಂಗ್ಲಿಷಿಗೆ ತಿರುಗಿಸಿ ಅವರನ್ನು ಕೇಳಿದರೆ, ಮೊದಲನೆಯದು ಊಟಕ್ಕೆ ಕರೆದಂತೆಯೂ ಎರಡನೆಯದು ಅವರ ವಿಷಯದಲ್ಲಿ ಮೂಗು ತೂರಿಸಿದಂತೆಯೂ ಕೇಳುತ್ತದೆ. ಅಪರಿಚಿತರ ನಡುವೆ ಮಾತು ಶುರುವಾಗುವುದು ಹವಾಮಾನದಿಂದ. ಅಟ್ಲಾಂಟಿಕ್ ಸಾಗರದ ಅಂಚಿನ ಆ ದ್ವೀಪದ ಮೇಲೆ ಬೇರೆ ಬೇರೆ ಗಾಳಿಗಳು ಸಂಧಿಸುವುದರಿಂದ ಒಂದೇ ದಿನದಲ್ಲಿ ಬಿಸಿಲು, ಮಳೆ, ಚಳಿ ಮೂರೂ ಬರಬಹುದು, ಹಾಗಾಗಿ ಹೇಳಲು ಯಾವಾಗಲೂ ಏನಾದರೂ ಇರುತ್ತದೆ. ಯಾರ ಖಾಸಗಿ ಬದುಕನ್ನೂ ತಾಗದ ವಿಷಯವೂ ಅದೇ. 'ಇವತ್ತು ಚಳಿ, ಅಲ್ಲವೇ?' ಎಂದವರಿಗೆ ಹೌದು ಎನ್ನಬೇಕು. ವಯಸ್ಸು, ಸಂಬಳ, ಮದುವೆ, ಮಕ್ಕಳಾಗಲಿಲ್ಲವೇ ಎಂಬ ಪ್ರಶ್ನೆಗಳನ್ನು ಚೆನ್ನಾಗಿ ಪರಿಚಯವಾಗುವವರೆಗೆ ಎತ್ತದಿರುವುದು ಒಳ್ಳೆಯದು.

ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದದ್ದು ತಗ್ಗಿಸಿ ಹೇಳುವ ಅಭ್ಯಾಸ. 'ನಾಟ್ ಬ್ಯಾಡ್' ಎಂದರೆ ಚೆನ್ನಾಗಿದೆ ಎಂದರ್ಥ. 'ಕ್ವೈಟ್ ಗುಡ್' ಎಂದರೆ, ದನಿಯನ್ನು ನೋಡಿಕೊಂಡು, ಪರವಾಗಿಲ್ಲ ಎಂದಷ್ಟೇ. ಮಾರ್ಗದರ್ಶಕರು 'ಈ ಅಧ್ಯಾಯವನ್ನು ಇನ್ನೊಮ್ಮೆ ನೋಡಲು ನಿಮಗೆ ಇಷ್ಟವಾಗಬಹುದೇನೋ' ಎಂದರೆ ಅದು ಸಲಹೆಯ ಉಡುಪಿನಲ್ಲಿರುವ ಆದೇಶ. ಅಧ್ಯಾಯವನ್ನು ತಿದ್ದಿ ಬರೆಯಲೇಬೇಕು. ದಿನಾಂಕ ಹೇಳದೆ 'ಯಾವಾಗಲಾದರೂ ಊಟಕ್ಕೆ ಬನ್ನಿ' ಎಂದರೆ ಅದು ಸದ್ಭಾವನೆ, ದಿನಾಂಕ ಹೇಳಿದರೆ ಮಾತ್ರ ಆಮಂತ್ರಣ. ಅದೇ ಮಾರ್ಗದರ್ಶಕರನ್ನು ಹೆಸರು ಹಿಡಿದು ಕರೆಯಬೇಕಾಗಿ ಬಂದಾಗ ನಮ್ಮ ಮಕ್ಕಳಿಗೆ ನಾಲಿಗೆ ಏಳುವುದಿಲ್ಲ. ಅವರೇ ಹಾಗೆ ಕರೆಯಲು ಹೇಳಿದ್ದರೆ ಕರೆಯುವುದೇ ಗೌರವ. ಇನ್ನೊಂದು: ಹೌದೆನ್ನಲು ನಾವು ತಲೆಯನ್ನು ಪಕ್ಕಕ್ಕೆ ಓಲಾಡಿಸುವುದು ಅವರಿಗೆ ಇಲ್ಲ ಎಂಬಂತೆ ಕಾಣುತ್ತದೆ, ಆದ್ದರಿಂದ ಬಾಯಿಬಿಟ್ಟು ಹೇಳುವುದು ವಾಸಿ.

ಮನೆಗೆ ಕರೆದಾಗ

ಈ ದಾರಿಯಲ್ಲಿ ಬಂದಿದ್ದೆವು, ನೋಡಿಕೊಂಡು ಹೋಗೋಣ ಅಂತ ಬಂದೆವು ಎನ್ನುವ ಸಲುಗೆ ಅಲ್ಲಿ ತೀರಾ ಹತ್ತಿರದವರ ನಡುವೆ ಮಾತ್ರ. ಪಕ್ಕದ ಮನೆಗೆ ಪಾಯಸ ಕೊಡಲು ಹೋಗುವ ತಾಯಂದಿರು ಬಾಗಿಲಲ್ಲೇ ಕೊಟ್ಟು, ಎರಡು ಮಾತಾಡಿ ಬಂದರೆ ಅದು ಎಲ್ಲರಿಗೂ ಸಂತೋಷದ ಸಂಗತಿ. ಒಳಗೆ ಕರೆಯಲಿಲ್ಲವೆಂದು ನೊಂದುಕೊಳ್ಳಬೇಕಿಲ್ಲ. ಊಟಕ್ಕೆ ಏಳೂವರೆಗೆ ಕರೆದಿದ್ದರೆ ಏಳೂವರೆಯಿಂದ ಏಳೂಮುಕ್ಕಾಲರ ಒಳಗೆ ತಲುಪಬೇಕು. ಮುಂಚಿತವಾಗಿ ಹೋಗಬಾರದು, ಏಕೆಂದರೆ ಅಡುಗೆ ಮುಗಿಸಿ ಬಟ್ಟೆ ಬದಲಿಸುವ ಹೊತ್ತು ಮನೆಯವರದು. ವೈದ್ಯರ ಭೇಟಿ, ಕಚೇರಿಯ ಸಭೆಗಳಿಗೆ ಮಾತ್ರ ಹೇಳಿದ ನಿಮಿಷಕ್ಕೇ ಇರಬೇಕು. ಹೂವು, ಚಾಕೊಲೇಟ್, ವೈನ್ ಯಾವುದಾದರೊಂದು ಸಣ್ಣ ಉಡುಗೊರೆ ಕೈಯಲ್ಲಿರಲಿ. ಚಪ್ಪಲಿಯನ್ನು ಹೊರಗೆ ಬಿಡುವುದು ಎಲ್ಲ ಮನೆಗಳಲ್ಲೂ ಇಲ್ಲ, ಕೇಳಿ ತಿಳಿದುಕೊಳ್ಳಬೇಕು.

ಸಸ್ಯಾಹಾರಿಗಳಾದರೆ ಕರೆದಾಗಲೇ ಹೇಳಿಬಿಡಬೇಕು. ಆಮೇಲೆ ಏನೂ ತಿನ್ನದೆ ಕುಳಿತರೆ ಮನೆಯವರಿಗೆ ಹೆಚ್ಚು ನೋವಾಗುತ್ತದೆ. ಬ್ರಿಟನ್ನಿನಲ್ಲಿ ಸಸ್ಯಾಹಾರಿಗಳ ಸಂಘ 1847ರಷ್ಟು ಹಿಂದೆಯೇ ಹುಟ್ಟಿದೆ, ಹಾಲು, ಮೊಟ್ಟೆಗಳನ್ನೂ ಬಿಟ್ಟವರಿಗೆ ಹೇಳುವ 'ವೀಗನ್' ಎಂಬ ಪದವೂ 1944ರಲ್ಲಿ ಅಲ್ಲೇ ಹುಟ್ಟಿತು. ಹಾಗಾಗಿ ಇದು ಅವರಿಗೆ ಹೊಸದಲ್ಲ. ಆದರೆ ಅವರ 'ವೆಜಿಟೇರಿಯನ್' ಊಟದಲ್ಲಿ ಮೊಟ್ಟೆ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿಯೇ ಹೇಳಬೇಕು.

ಮೇಜಿನ ಮೇಲೆ ಫೋರ್ಕು ಎಡಗೈಯಲ್ಲಿ, ಚಾಕು ಬಲಗೈಯಲ್ಲಿ. ಎಡಗೈಯಿಂದ ಬಾಯಿಗೆ ಅನ್ನ ಮುಟ್ಟಿಸಬಾರದೆಂದು ಬೆಳೆದ ನಮಗೆ ಇದು ಮೊದಮೊದಲು ಮುಜುಗರವೇ. ಎಲ್ಲರಿಗೂ ಬಡಿಸಿದ ಮೇಲೆ ತಿನ್ನಲು ಆರಂಭಿಸಬೇಕು. ಊಟದ ನಡುವೆ ಚಾಕು, ಫೋರ್ಕುಗಳನ್ನು ಬೇರೆ ಬೇರೆಯಾಗಿ ತಟ್ಟೆಯಲ್ಲಿ ಇಟ್ಟರೆ ಇನ್ನೂ ತಿನ್ನುತ್ತಿದ್ದೇನೆ ಎಂದು. ಎರಡನ್ನೂ ಜೋಡಿಸಿ, ಗಡಿಯಾರದ ಆರೂವರೆಯ ಮುಳ್ಳುಗಳಂತೆ ಇಟ್ಟರೆ ಮುಗಿಯಿತು ಎಂದು. ಬಾಳೆಲೆಯನ್ನು ಮಡಿಸುವುದರಲ್ಲಿ ನಮಗೂ ಇಂಥದೊಂದು ಮೂಕ ಭಾಷೆ ಇದೆಯಷ್ಟೆ. ಮತ್ತೆ ಬೇಕೇ ಎಂದು ಕೇಳಿದಾಗ, ಬೇಕೆನಿಸಿದರೆ ಮೊದಲ ಸಲಕ್ಕೇ ಹೌದು ಎನ್ನಬೇಕು. ಎರಡನೆಯ ಸಲ ಯಾರೂ ಕೇಳುವುದಿಲ್ಲ, ಏಕೆಂದರೆ ನಿಮ್ಮ 'ಬೇಡ'ವನ್ನು ನಂಬುವುದೇ ಅವರು ನಿಮಗೆ ಕೊಡುವ ಮರ್ಯಾದೆ. ಅಂತೆಯೇ ಅವರು ನಿಮ್ಮ ಮನೆಗೆ ಬಂದಾಗ 'ಸಾಕು' ಎಂದರೆ ಸಾಕು. ಮರುದಿನ ಊಟ ಚೆನ್ನಾಗಿತ್ತೆಂದು ಒಂದು ಸಂದೇಶ ಕಳಿಸುವುದು ವಾಡಿಕೆ.

ಊಟಗಳ ಹೆಸರಿನಲ್ಲೂ ತೊಡಕಿದೆ. ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡಿನ ಹಲವು ಮನೆಗಳಲ್ಲಿ 'ಟೀ' ಎಂದರೆ ಸಂಜೆಯ ಊಟ, 'ಡಿನ್ನರ್' ಎಂದರೆ ಮಧ್ಯಾಹ್ನದ ಊಟ. ಟೀಗೆ ಬನ್ನಿ ಎಂದರೆ ಎಷ್ಟು ಗಂಟೆಗೆ ಎಂದು ಕೇಳಿಕೊಂಡರೆ ಗೊಂದಲ ತಪ್ಪುತ್ತದೆ. ಕುಡಿಯುವ ಚಹಾ ಅಲ್ಲಿನ ಅರಮನೆಯಲ್ಲಿ ರೂಢಿಗೆ ಬರಲು 1662ರಲ್ಲಿ ಎರಡನೆಯ ಚಾರ್ಲ್ಸನನ್ನು ಮದುವೆಯಾದ ಪೋರ್ಚುಗಲ್ಲಿನ ಕ್ಯಾಥರೀನ್ ಕಾರಣಳೆನ್ನುತ್ತಾರೆ. ಮುಂಬಯಿ ಬ್ರಿಟಿಷರ ಕೈಗೆ ಹೋದದ್ದೂ ಅದೇ ಮದುವೆಯ ಬಳುವಳಿಯಾಗಿ.

ಮೊಮ್ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ಯುವ ಅಜ್ಜ, ಅಜ್ಜಿಯರು ತಿಳಿದಿರಬೇಕಾದ ಮಾತೊಂದಿದೆ. ಪರರ ಮಗು ಎಷ್ಟೇ ಮುದ್ದಾಗಿದ್ದರೂ ಕೆನ್ನೆ ಹಿಂಡುವುದು, ಎತ್ತಿಕೊಳ್ಳುವುದು, ತಿಂಡಿ ಕೊಡುವುದು, ಫೋಟೋ ತೆಗೆಯುವುದು ತಂದೆತಾಯಿಯನ್ನು ಕೇಳದೆ ಆಗಬಾರದು.

ಪಬ್ಬು, ಹೋಟೆಲು, ರಸ್ತೆ

ಪಬ್ಬಿನಲ್ಲಿ ಮೇಜಿಗೆ ಬಂದು ಕೇಳುವವರು ಸಾಮಾನ್ಯವಾಗಿ ಇರುವುದಿಲ್ಲ, ಕೌಂಟರಿಗೆ ನಾವೇ ಹೋಗಬೇಕು. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಪಾನೀಯ ಕೊಳ್ಳುವುದಕ್ಕೆ 'ರೌಂಡ್' ಎನ್ನುತ್ತಾರೆ. ಕಿತ್ತಳೆರಸ ಕುಡಿಯುವವರೂ ಸರದಿ ತಪ್ಪಿಸಬಾರದು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಕುಡಿತ ತಗ್ಗಿಸಲೆಂದು ಸರ್ಕಾರ ಇನ್ನೊಬ್ಬರಿಗೆ ಕೊಡಿಸುವುದನ್ನೇ ನಿಷೇಧಿಸಿತ್ತು ಎಂದರೆ ಈ ರೂಢಿಯ ಬೇರು ಎಷ್ಟು ಆಳವೆಂದು ಊಹಿಸಬಹುದು. ಪಬ್ಬಿನ ಕೌಂಟರಿನಲ್ಲಿ ಭಕ್ಷೀಸು ಕೊಡುವ ಪದ್ಧತಿಯಿಲ್ಲ. ಹೋಟೆಲುಗಳಲ್ಲಿ ಬಿಲ್ಲಿಗೇ ಶೇ 12.5ರಷ್ಟು ಸೇವಾ ಶುಲ್ಕ ಸೇರಿಸಿರುವುದು ಸಾಮಾನ್ಯ. ಐಚ್ಛಿಕ ಎಂದು ಬರೆದಿದ್ದರೆ ಅದನ್ನು ತೆಗೆಸಬಹುದು, ಕೊಟ್ಟರೆ ಬೇರೆ ಭಕ್ಷೀಸು ಬೇಕಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಹಣವೆಲ್ಲ ಕೆಲಸಗಾರರಿಗೇ ಸೇರಬೇಕೆಂಬ ಕಾನೂನು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಲಂಡನ್ನಿನ ಸುರಂಗ ರೈಲು ನಿಲ್ದಾಣಗಳ ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಬೇಕು, ಎಡಭಾಗ ಅವಸರದವರಿಗೆ. ರೈಲಿನಲ್ಲಿ ಫೋನಿನ ಸ್ಪೀಕರ್ ಹಾಕಿ ಊರಿನವರೊಂದಿಗೆ ಮಾತನಾಡುವುದು ಡಬ್ಬಿಯಲ್ಲಿರುವ ಎಲ್ಲರ ಏಕಾಂತವನ್ನು ಮುರಿದಂತೆ. ಜನವಸತಿಯಲ್ಲಿ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಚಲಿಸುವ ವಾಹನದ ಹಾರ್ನ್ ಬಾರಿಸುವಂತಿಲ್ಲ. ಉಳಿದ ಹೊತ್ತಿನಲ್ಲೂ ಹಾರ್ನ್ ಎಂದರೆ ಅಪಾಯದ ಎಚ್ಚರಿಕೆ ಅಥವಾ ಬೈಗುಳ. ಜೀಬ್ರಾ ಪಟ್ಟಿಯ ಬಳಿ ಕಾರು ನಿಂತಾಗ ದಾಟುತ್ತ ಕೈಯೆತ್ತಿ ವಂದಿಸುವ ರೂಢಿಯಿದೆ. ಕೈಸನ್ನೆಯ ವಿಷಯದಲ್ಲಿ ಒಂದೇ ಎಚ್ಚರಿಕೆ: ಎರಡು ಬೆರಳೆತ್ತಿ ಗೆಲುವಿನ ಚಿಹ್ನೆ ತೋರಿಸುವಾಗ ಅಂಗೈ ಎದುರಿನವರ ಕಡೆಗಿರಬೇಕು. ಅಂಗೈ ನಮ್ಮ ಕಡೆ ತಿರುಗಿ ಕೈಯ ಹಿಂಬದಿ ಅವರಿಗೆ ಕಂಡರೆ ಅದು ಅಸಭ್ಯ ಬೈಗುಳ. ಎರಡು ಬಾಳೆಹಣ್ಣು ಬೇಕೆಂದು ಅಂಗಡಿಯಲ್ಲಿ ತೋರಿಸುವಾಗಲೂ ಇದನ್ನು ನೆನಪಿಡಬೇಕು.

ಶಕುನಗಳು: ಕೆಲವು ನಮ್ಮಂತೆ, ಕೆಲವು ತಲೆಕೆಳಗು

ನಂಬುವುದಿಲ್ಲ ಎನ್ನುತ್ತಲೇ ಕೈ ತಾನಾಗಿ ಮಾಡಿಬಿಡುವ ಕೆಲಸಗಳು ಬ್ರಿಟಿಷರಲ್ಲೂ ಬಹಳ. ಹಲ್ಲಿ ಲೊಚಗುಟ್ಟಿದರೆ ನಮ್ಮ ಹಿರಿಯರು 'ಕೃಷ್ಣ ಕೃಷ್ಣ' ಎಂದು ನೆಲ ತಟ್ಟುವ ಹಾಗೆ, 'ಈ ವರ್ಷ ನೆಗಡಿಯೇ ಆಗಿಲ್ಲ' ಎಂದವರು ತಕ್ಷಣ ಮೇಜನ್ನು ಮುಟ್ಟಿ 'ಟಚ್ ವುಡ್' ಎನ್ನುತ್ತಾರೆ. ಹೇಳಿಕೊಂಡ ಸುಖಕ್ಕೆ ದೃಷ್ಟಿ ತಾಗದಿರಲಿ ಎಂಬ ಭಾವನೆ ಅದರ ಹಿಂದಿದೆ. ಸೀನಿದವರಿಗೆ 'ಬ್ಲೆಸ್ ಯು' ಎನ್ನುವುದು ಮಗುವಿಗೆ 'ಚಿರಂಜೀವಿ' ಎನ್ನುವಂಥದು. ಬಾಣಂತನಕ್ಕೆ ಹೋದವರಿಗೆ ಅತ್ಯಂತ ಆಪ್ತವೆನಿಸುವ ನಂಬಿಕೆ ಇನ್ನೊಂದು: ಕೂಸಿನ ತಳ್ಳುಗಾಡಿಯನ್ನು ಹೆರಿಗೆಗೆ ಮುನ್ನ ಮನೆಯೊಳಗೆ ತರಬಾರದು. ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ಕೊಳ್ಳಬಾರದೆಂಬ ನಮ್ಮ ಮನೆಗಳ ಮಾತಿಗೆ ಇದು ಎಷ್ಟು ಹತ್ತಿರ!

ಕರಿಬೆಕ್ಕಿನ ವಿಷಯದಲ್ಲಿ ಮಾತ್ರ ಎಲ್ಲ ತಿರುಗುಮುರುಗು. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ನಿಂತು ಹೋಗುತ್ತಾರೆ. ಬ್ರಿಟನ್ನಿನ ಬಹುಭಾಗದಲ್ಲಿ ಕರಿಬೆಕ್ಕು ಅಡ್ಡ ಬರುವುದು ಅದೃಷ್ಟ, ಮದುವೆಯ ಶುಭಾಶಯ ಪತ್ರಗಳ ಮೇಲೂ ಅದರ ಚಿತ್ರವಿರುತ್ತದೆ. ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಕಾಸ್ಪರ್ ಎಂಬ ಮರದ ಕರಿಬೆಕ್ಕು ಇದೆ. ಊಟಕ್ಕೆ 13 ಜನ ಕೂರುವುದು ಅಶುಭವೆಂಬ ನಂಬಿಕೆಯಿಂದಾಗಿ, 1920ರ ದಶಕದಲ್ಲಿ ಕೆತ್ತಿಸಿದ ಆ ಬೆಕ್ಕನ್ನು 14ನೆಯ ಅತಿಥಿಯಾಗಿ ಕುರ್ಚಿಯಲ್ಲಿ ಕೂರಿಸುತ್ತಾರೆ.

ಕಾಗೆಯ ಕುಲದ, ಕಪ್ಪು ಬಿಳುಪಿನ, ಉದ್ದಬಾಲದ ಮ್ಯಾಗ್‌ಪೈ ಎಂಬ ಹಕ್ಕಿ ಒಂಟಿಯಾಗಿ ಕಂಡರೆ ಕೆಟ್ಟದ್ದು. 'ಒಂದಕ್ಕೆ ದುಃಖ, ಎರಡಕ್ಕೆ ಸಂತೋಷ, ಮೂರಕ್ಕೆ ಹೆಣ್ಣು, ನಾಲ್ಕಕ್ಕೆ ಗಂಡು' ಎಂದು ಮಕ್ಕಳ ಪದ ಮುಂದುವರಿಯುತ್ತದೆ. ದೋಷ ಕಳೆಯಲು ಒಂಟಿ ಹಕ್ಕಿಗೆ 'ನಮಸ್ಕಾರ, ಹೆಂಡತಿ ಕ್ಷೇಮವೇ?' ಎಂದು ಕೇಳುತ್ತಾರೆ. ಜೋಡಿ ಇದೆಯೆಂದು ಭಾವಿಸಿದರೆ ಅದು ಎರಡಾಯಿತಲ್ಲ. ಬೆಳಗಿನ ನಡಿಗೆಯಲ್ಲಿ ಜೊತೆಗಿದ್ದವರು ಹಕ್ಕಿಗೆ ಸಲಾಮು ಹೊಡೆದರೆ ಕಾರಣ ಇದೇ. ಲಂಡನ್ ಟವರಿನಲ್ಲಿ ರೇವನ್ ಎಂಬ ದೊಡ್ಡ ಕಾಗೆಗಳನ್ನು ಸಾಕುತ್ತಾರೆ. ಅವು ಬಿಟ್ಟುಹೋದರೆ ಕೋಟೆಯೂ ರಾಜ್ಯವೂ ಬೀಳುತ್ತವೆಂಬ ಮಾತಿರುವುದರಿಂದ ಆರಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಲು ಒಬ್ಬ ಅಧಿಕಾರಿಯೇ ಇದ್ದಾರೆ. ಹಕ್ಕಿಗಳ ಈ ಸಾಕಣೆಯನ್ನು 17ನೆಯ ಶತಮಾನದ ಅರಸನ ಕಾಲಕ್ಕೆ ಹಚ್ಚಿದರೂ ಅದಕ್ಕೆ ಲಿಖಿತ ಆಧಾರಗಳು 19ನೆಯ ಶತಮಾನದ ಕೊನೆಗಷ್ಟೇ ಸಿಗುತ್ತವೆ.

ಮನೆಯೊಳಗೆ ಕೊಡೆ ಬಿಡಿಸುವುದು, ಏಣಿಯ ಕೆಳಗೆ ಹಾಯುವುದು, ಹೊಸ ಶೂಗಳನ್ನು ಮೇಜಿನ ಮೇಲಿಡುವುದು ಇವೂ ಅಶುಭ. ಇವುಗಳಲ್ಲಿ ಕೊನೆಯದು ತಿಳಿದಿರಲಿ, ಏಕೆಂದರೆ ಅಂಗಡಿಯಿಂದ ತಂದ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚುವುದು ನಮಗೆ ಸಹಜ.

ನವೆಂಬರ್ 11 ಮತ್ತು ವರ್ಷದ ಕೊನೆಯ ರಾತ್ರಿ

ಅಕ್ಟೋಬರ್ ಕೊನೆಯಿಂದ ಎಷ್ಟೋ ಜನರ ಎದೆಯ ಮೇಲೆ ಕೆಂಪು ಗಸಗಸೆ ಹೂವಿನ ಚಿಹ್ನೆ ಕಾಣುತ್ತದೆ. ಅದು ಯುದ್ಧಗಳಲ್ಲಿ ಮಡಿದವರ ನೆನಪು. ಮೊದಲ ಮಹಾಯುದ್ಧ ನಿಂತ ನವೆಂಬರ್ 11ರಂದು ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ ಆಚರಿಸುವ ಪದ್ಧತಿ 1919ರಲ್ಲಿ ಆರಂಭವಾಯಿತು. ಅಂಗಡಿಯಲ್ಲೋ ನಿಲ್ದಾಣದಲ್ಲೋ ಸುತ್ತಲಿನವರು ಹಠಾತ್ತನೆ ನಿಂತರೆ ನಾವೂ ನಿಲ್ಲಬೇಕು. ಹೂವು ಧರಿಸುವುದು ಕಡ್ಡಾಯವಲ್ಲ. ಆ ಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಸಾಗರದಾಚೆ ಸೇವೆ ಸಲ್ಲಿಸಿದ್ದರು, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ಗೆದ್ದ ಕುದುರೆ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಆ ಮೌನದಲ್ಲಿ ನಮ್ಮವರ ಪಾಲೂ ಇದೆ.

ಡಿಸೆಂಬರ್ 31ರ ರಾತ್ರಿಯನ್ನು ಸ್ಕಾಟ್ಲೆಂಡಿನಲ್ಲಿ ಹಾಗ್ಮನೇ ಎನ್ನುತ್ತಾರೆ. ಕ್ರಿಸ್‌ಮಸ್ ಅಲ್ಲಿ ಸಾರ್ವಜನಿಕ ರಜೆಯಾದದ್ದೇ 1958ರಲ್ಲಿ. ಹಾಗಾಗಿ ದೊಡ್ಡ ಹಬ್ಬವೆಂದರೆ ಹೊಸ ವರ್ಷ. ಮಧ್ಯರಾತ್ರಿಯ ನಂತರ ಹೊಸಿಲು ದಾಟಿ ಬರುವ ಮೊದಲ ವ್ಯಕ್ತಿಯಿಂದ ಮನೆಯ ಇಡೀ ವರ್ಷದ ಭಾಗ್ಯ ತೀರ್ಮಾನವಾಗುತ್ತದೆಂಬ ನಂಬಿಕೆಗೆ 'ಫಸ್ಟ್ ಫೂಟ್' ಎಂದು ಹೆಸರು. ಆ ವ್ಯಕ್ತಿ ಎತ್ತರದ, ಕಪ್ಪುಗೂದಲಿನ ಗಂಡಸಾಗಿದ್ದರೆ ಬಹಳ ಶುಭ. ಬಂಗಾರಗೂದಲಿನ ಅಪರಿಚಿತನೆಂದರೆ ಹಿಂದೆ ಉತ್ತರ ಯೂರೋಪಿನಿಂದ ಕಡಲ ಮೇಲೆ ಬಂದು ದಾಳಿಯಿಟ್ಟ ವೈಕಿಂಗ್ ಜನರವನಿರಬಹುದೆಂಬ ಭಯ ಇದರ ಹಿಂದಿದೆಯೆಂದು ಜನ ಹೇಳುತ್ತಾರೆ. ಬರುವವರು ಬರಿಗೈಯಲ್ಲಿ ಬರಬಾರದು. ಒಲೆ ಆರದಿರಲೆಂದು ಕಲ್ಲಿದ್ದಲು, ಹಸಿವು ಕಾಡದಿರಲೆಂದು ಶಾರ್ಟ್‌ಬ್ರೆಡ್ ಎಂಬ ಬೆಣ್ಣೆ ಬಿಸ್ಕತ್ತು, ಜೊತೆಗೆ ಉಪ್ಪು, ವಿಸ್ಕಿ ತರುತ್ತಾರೆ. ತಕ್ಕವರು ಬಾರದಿದ್ದರೆ ಮನೆಯೊಳಗಿನ ಕಪ್ಪುಗೂದಲಿನವರನ್ನೇ ಹನ್ನೆರಡು ಹೊಡೆಯುವ ಮುನ್ನ ಹೊರಗೆ ಕಳಿಸುವುದೂ ಉಂಟು. ಆದ್ದರಿಂದ ಎಡಿನ್‌ಬರೊದಲ್ಲಿ ಓದುತ್ತಿರುವ ನಮ್ಮ ಹುಡುಗನ ಕೈಗೆ ಆ ರಾತ್ರಿ ಗೆಳೆಯನ ತಾಯಿ ಕಲ್ಲಿದ್ದಲಿನ ತುಂಡೊಂದನ್ನು ಕೊಟ್ಟು ಬಾಗಿಲ ಹೊರಗೆ ನಿಲ್ಲಿಸಿದರೆ, ಅವನು ಕೋಟಿನ ಗುಂಡಿ ಹಾಕಿಕೊಂಡು, ಗಂಟೆ ಹೊಡೆಯುವವರೆಗೆ ಕಾದು, ಬಾಗಿಲು ತಟ್ಟಬೇಕು.